ಎಂಟು ತಂತಿಯೋ, ಒಂದು ತಂತಿಯೋ?

ಎಂಟು ಬಾಗಿಲುಗಳಿದ್ದರೆ ಮಕ್ಕಳು ಶಾಲೆಯಿಂದ ಬೇಗ ಹೊರಬರುತ್ತಾರೆ, ಒಂದೇ ಬಾಗಿಲಾದರೆ ತಡವಾಗುತ್ತದೆ. ಗಣಕಯಂತ್ರಕ್ಕೆ ಪ್ರಿಂಟರನ್ನು ಜೋಡಿಸುವ ವಿಷಯದಲ್ಲಿಯೂ ಅನೇಕರ ತರ್ಕ ಇದೇ. ಇದು ಅರ್ಧಸತ್ಯವೆಂದು ನನ್ನ ಅಭಿಪ್ರಾಯ.

ಸಮಾಂತರ ಜೋಡಣೆಯಲ್ಲಿ ಒಂದು ಅಕ್ಷರದ ಎಂಟು ಬಿಟ್‌ಗಳು ಎಂಟು ತಂತಿಗಳಲ್ಲಿ ಒಮ್ಮೆಗೇ ಸಾಗುತ್ತವೆ. 1970ರಲ್ಲಿ ಅಮೆರಿಕದ ಸೆಂಟ್ರಾನಿಕ್ಸ್ ಕಂಪೆನಿ ತನ್ನ ಪ್ರಿಂಟರಿನೊಡನೆ ಇದನ್ನು ಬಳಕೆಗೆ ತಂದಿತು. ಸರಣಿ ಜೋಡಣೆಯಲ್ಲಿ ಬಿಟ್‌ಗಳು ಒಂದೇ ತಂತಿಯಲ್ಲಿ ಒಂದರ ಹಿಂದೊಂದರಂತೆ ಹೋಗುತ್ತವೆ. ಆದಿ, ಅಂತ್ಯಗಳ ಗುರುತೂ ಸೇರಿ ಅಕ್ಷರವೊಂದಕ್ಕೆ ಸಾಮಾನ್ಯವಾಗಿ ಹತ್ತು ಬಿಟ್ ಬೇಕು. ಸೆಕೆಂಡಿಗೆ 1200 ಬಿಟ್ ಸಾಗಿದರೆ 120 ಅಕ್ಷರಗಳಾದವು.

1980ರ ದಶಕದಲ್ಲಿ ಹೆಸರಾಗಿದ್ದ ಎಪ್ಸನ್ ಎಂಎಕ್ಸ್-80 ಎಂಬ ಚುಕ್ಕಿ ಪ್ರಿಂಟರು ಸೆಕೆಂಡಿಗೆ 80 ಅಕ್ಷರಗಳನ್ನು ಒತ್ತುತ್ತಿತ್ತು. ಹಾಗಾದರೆ ಇಂಗ್ಲಿಷಿಗೆ ಸರಣಿ ಜೋಡಣೆಯೇ ಸಾಕಿತ್ತಲ್ಲವೇ? ಕನ್ನಡದ ಮಾತು ಬೇರೆ. ಅಂಥ ಪ್ರಿಂಟರಿನ ಒಳಗೆ ಕನ್ನಡದ ಅಚ್ಚುಗಳಿರಲಿಲ್ಲ. ಪ್ರತಿಯೊಂದು ಸಾಲನ್ನೂ ಚುಕ್ಕಿಗಳ ಚಿತ್ರವಾಗಿ ಕಳುಹಿಸಬೇಕಾಗಿತ್ತು. ಅಂಗುಲಕ್ಕೆ 60 ಚುಕ್ಕಿಗಳಂತೆ ಎಂಟು ಅಂಗುಲದ ಸಾಲಿಗೆ 480 ಬೈಟು. ಒತ್ತಕ್ಷರಗಳಿಗಾಗಿ ಎರಡು ಸಲ ಓಡಿಸಿದರೆ 960 ಬೈಟು. ಅದೇ 1200 ಬಿಟ್‌ನ ವೇಗದಲ್ಲಿ ಇದು ತಂತಿ ದಾಟಲು ಎಂಟು ಸೆಕೆಂಡು! 80 ಅಕ್ಷರಗಳ ಇಂಗ್ಲಿಷ್ ಸಾಲಿಗೆ ಒಂದು ಸೆಕೆಂಡೂ ಬೇಡ. ದೋಷ ಕನ್ನಡದ್ದಲ್ಲ, ಅಳತೆಗೋಲು ಇಂಗ್ಲಿಷಿನದಾಗಿತ್ತು.

ಹಾಗೆಂದು ಎಂಟು ತಂತಿಗಳೇ ಗೆದ್ದವೇ? ಇಲ್ಲ. ಎಂಟು ಬಾಗಿಲುಗಳಿಂದಲೂ ಮಕ್ಕಳು ಒಂದೇ ಹೆಜ್ಜೆಯಲ್ಲಿ ಹೊರಬರಬೇಕೆಂದರೆ, ಹಿಂದುಳಿದವನಿಗಾಗಿ ಉಳಿದವರು ಕಾಯಲೇಬೇಕು. ತಂತಿಗಳಲ್ಲಿಯೂ ಹಾಗೆಯೇ, ವೇಗವೂ ಉದ್ದವೂ ಹೆಚ್ಚಿದಷ್ಟು ಈ ತೊಡಕು ಹೆಚ್ಚು. 1996ರಲ್ಲಿ ಬಂದ ಯುಎಸ್‌ಬಿ ಸರಣಿ ಜೋಡಣೆಯೇ. 2000ದಲ್ಲಿ ಬಂದ ಅದರ ಎರಡನೆಯ ಆವೃತ್ತಿಯ ಗರಿಷ್ಠ ವೇಗ ಸೆಕೆಂಡಿಗೆ 48 ಕೋಟಿ ಬಿಟ್. ಸಮಾಂತರ ಜೋಡಣೆ ಮೂಲೆಗೆ ಸರಿಯಿತು.

ಇಂದು ತಡವಾಗುವುದು ಹೆಚ್ಚಾಗಿ ತಂತಿಯಲ್ಲಲ್ಲ, ಪ್ರಿಂಟರಿನೊಳಗೆ. ಆದುದರಿಂದ ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ: ಕೊಳ್ಳುವ ಮೊದಲು ಪೆಟ್ಟಿಗೆಯ ಮೇಲಿನ ಅಂಕಿಯನ್ನಷ್ಟೇ ನಂಬಬೇಡಿ. ಒತ್ತಕ್ಷರಗಳಿರುವ ಒಂದು ಕನ್ನಡ ಪುಟವನ್ನು ಅಚ್ಚು ಹಾಕಿಸಿ, ಗಡಿಯಾರ ನೋಡಿರಿ. ವಿದ್ಯಾರ್ಥಿಗಳೇ, ಮೇಲಿನ ಲೆಕ್ಕವನ್ನು ನೀವೇ ಮಾಡಿ ನೋಡಿರಿ. ಯಂತ್ರವನ್ನು ತನ್ನ ಭಾಷೆಯ ಅಗತ್ಯದಿಂದ ಅಳೆಯಬಲ್ಲ ಕನ್ನಡ ಶಾಲೆಯ ಹುಡುಗ ಹುಡುಗಿಯರು ಯಂತ್ರವಿದ್ಯೆಯಲ್ಲಿ ಯಾರಿಗೂ ಹಿಂದಲ್ಲ.