ಮಕ್ಕಳ ಇಂಗ್ಲಿಷಿಗೆ ಮನೆಯ ಕಥೆ



ನಮ್ಮ ಕಾಪು, ಕಾರ್ಕಳದ ಕಡೆ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಇಂಗ್ಲಿಷು ಎಂದರೆ ಬಾಯಿಗೆ ಬೀಗ! ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಆದರೂ ನನ್ನ ಮಗ ಬರೆಯುತ್ತಿದ್ದ, ಮಾತಾಡುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿಗೇ ನಿಂತ ನಾನು ಏನು ಕಲಿಸಲಿ ಎಂದು ಸುಮ್ಮನಿದ್ದೆ.

ಒಂದು ದಿನ ಕೊಟ್ಟೆ ಕಡುಬು ಮಾಡುವಾಗ ಮೊಬೈಲಿನಲ್ಲಿ ಐದು ಫೋಟೋ ತೆಗೆಯಲು ಹೇಳಿದೆ: ಹಲಸಿನ ಎಲೆ, ಕೊಟ್ಟೆ ಕಟ್ಟುವುದು, ಹಿಟ್ಟು ಹೊಯ್ಯುವುದು, ಬೇಯಿಸುವುದು, ತಿನ್ನುವುದು. ಮೊದಲು ತುಳುವಿನಲ್ಲೇ ಕಥೆ ಹೇಳಿದ. ಆಮೇಲೆ ಫೋಟೋಗೊಂದು ಇಂಗ್ಲಿಷ್ ವಾಕ್ಯ, ಅವನದೇ ದನಿಯಲ್ಲಿ ರೆಕಾರ್ಡು. 'ಕೊಟ್ಟೆ'ಗೆ ಇಂಗ್ಲಿಷ್ ಪದ ಸಿಗದೆ ಕೊಟ್ಟೆ ಎಂದೇ ಬಿಟ್ಟ. ಇರಲಿ ಬಿಡಿ! ತನ್ನ ದನಿ ಕೇಳಿ ತಾನೇ ಮೂರು ಸಲ ತಿದ್ದಿಕೊಂಡ. ಉಳಿದ ತಪ್ಪನ್ನು ಮರುದಿನ ಟೀಚರು ತಿದ್ದಿದರು. ಶಾಲೆಯ ಪಾಠಕ್ಕೆ ಮನೆಯ ಮೊಬೈಲು ಜೊತೆಯಾಯಿತು.

ಕಥೆ ಹೊಳೆಯದಿದ್ದರೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ನೋಡಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಚಿತ್ರಕಥೆಗಳು ಉಚಿತ. ಒಂದೇ ಕಥೆಯನ್ನು ಮೊದಲು ಕನ್ನಡದಲ್ಲಿ ಓದಿಸಿ, ಆಮೇಲೆ ಇಂಗ್ಲಿಷಿನಲ್ಲಿ. ರಜೆಯಲ್ಲಿ ಕಾಪುವಿನ 1901ರ ದೀಪಸ್ತಂಭಕ್ಕೋ, ಕಾರ್ಕಳದ 42 ಅಡಿಯ ಗೊಮ್ಮಟನಲ್ಲಿಗೋ ಹೋದರೆ ಅದೂ ಒಂದು ಕಥೆಯೇ.

ಎರಡು ಮಾತು ನೆನಪಿಡಿ. ಐದಾರು ವಾಕ್ಯ ಸಾಕು. ಮಗು ಹೇಳುವಾಗ ನಡುವೆ ಬಾಯಿ ಹಾಕಬೇಡಿ. ಇಂಗ್ಲಿಷ್ ಬಾರದ ತಾಯಿಗೂ ಕಿವಿಗೊಟ್ಟು ಕೇಳಲು ಬರುತ್ತದಲ್ಲ? ನಮ್ಮಲ್ಲಿ ಮೊದಲು ನಾಚಿಕೆ ಬಿಟ್ಟವಳು ನಾನು, ಆಮೇಲೆ ಮಗ.