ನಮ್ಮ ಸೀಮಿ ಫೋಟೊ ನಮ್ಮ ಹುಡುಗರ ಹತ್ರ ಅದಾವ, ಗ್ವಾಡಿಗೆ ಹಚ್ಚೋರು ಬೇಕು

ಇವತ್ತು ಬೀಜ, ಗೊಬ್ಬರ, ಧಾರಣಿ ಬಗ್ಗೆ ಬರಿಯೂದಿಲ್ಲ. ಫೋಟೊ ಬಗ್ಗೆ ಬರೀತೀನಿ. ರೈತಗ ಫೋಟೊದ ಉಸಾಬರಿ ಯಾಕ ಅನ್ನಬ್ಯಾಡ್ರಿ, ಪೂರಾ ಓದ್ರಿ.

ಕಲಬುರಗಿ ಜಿಲ್ಲಾ ಅಂದ್ರ ಹೊರಗಿನ ಮಂದಿಗೆ ಎರಡೇ ನಮೂನಿ ಚಿತ್ರ ಗೊತ್ತು. ಒಂದು, ಕಲಬುರಗಿ ಕೋಟೆ, ಬಂದೇನವಾಜ್ ದರ್ಗಾ, ಶರಣಬಸವೇಶ್ವರ ಗುಡಿ, ಬುದ್ಧ ವಿಹಾರ. ಎರಡನೇದು, ಬಾಯಿ ಬಿಟ್ಟ ಎರಿ ಭೂಮಿ, ತಲಿ ಮ್ಯಾಲ ಕೊಡ ಹೊತ್ತ ಹೆಣ್ಮಕ್ಕಳು, ಕೆಳಗ "ಬಿಸಿಲನಾಡಿನ ಬವಣೆ" ಅಂತ ಒಂದು ಸಾಲು. ಎರಡೂ ಸುಳ್ಳಲ್ಲ. ಆದ್ರ ಇವೆರಡರ ನಡುವ ನಾವು ದಿನಾ ಬಾಳುವ ಸೀಮಿ ಅದಲ್ಲ, ಅದು ಎಲ್ಲೂ ಕಾಣ್ಸಂಗಿಲ್ಲ.

ನಮ್ಮ ಗುಂಡಗುರ್ತಿ ಸುತ್ತಮುತ್ತನ ನೋಡ್ರಿ. ಕಾರ್ತೀಕದಾಗ ತೊಗರಿ ಹೂ ಬಿಟ್ಟಾಗ ಕಣ್ಣು ಮುಟ್ಟೋತನಕ ಹಳದಿ. ಸಂಕ್ರಾಂತಿ ಹೊತ್ತಿಗೆ ಬಿಳಿಜೋಳದ ತೆನಿ ಹಾಲುಗಾಳು ಹಿಡದಿರ್ತದ, ಕುಸುಬಿ ಮುಳ್ಳಿನ ನಡುವ ಹೂ ಬಿಟ್ಟಿರ್ತದ. ಎಳ್ಳಮಾಸಿ ದಿನ ಭಜ್ಜಿ, ಸಜ್ಜಿರೊಟ್ಟಿ ಕಟಗೊಂಡು ಊರಿಗೂರೇ ಹೊಲಕ್ಕ ಹೋಗಿ ಚರಗ ಚೆಲ್ತದ. ಅವತ್ತು ಊರಾಗ ನಾಯಿ ಬಿಟ್ಟರ ಯಾರೂ ಇರಂಗಿಲ್ಲ.

ಸ್ವಲ್ಪ ದೂರ ಹೋದ್ರ ಶಹಾಬಾದಿನ ಫರಸಿ ಖಣಿ. ಪುಸ್ತಕದ ಹಾಳಿ ಜೋಡ್ಸಿದಂಗ ಪದರ ಪದರ ಕಲ್ಲು. ವಾಡಿ ಜಂಕ್ಷನ್‌ದಾಗ ಮುಂಬೈ–ಚೆನ್ನೈ ಹಳಿಗೆ ಹೈದರಾಬಾದ್ ಹಳಿ ಬಂದು ಕೂಡ್ತದ. ಅದು 1874ರಾಗ ನಿಜಾಮರ ಕಾಲಕ್ಕ ಹಾಕಿದ ಹಳಿ. ಅಲ್ಲೇ ಮಗ್ಗಲಿಗೆ ಸಿಮೆಂಟ್ ಕಾರ್ಖಾನಿ ಚಿಮಣಿ. ಸೇಡಂ ತಾಲೂಕಿನ ಮಳಖೇಡ ಒಂದು ಕಾಲಕ್ಕ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಇವತ್ತು ಕಾಗಿಣಾ ದಂಡಿ ಮ್ಯಾಲ ಬಿದ್ದ ಕೋಟೆ. ಭೀಮಾ ದಂಡಿಗೆ ಸನ್ನತಿ, ಕನಗನಹಳ್ಳಿ. ಅಲ್ಲಿ ನೆಲ ಅಗದಾಗ ಬೌದ್ಧ ಸ್ತೂಪ ಸಿಕ್ತು, ರಾಣಿ ಜೊತಿ ನಿಂತ ಅಶೋಕನ ಶಿಲ್ಪ ಸಿಕ್ತು, ಅದರ ಮ್ಯಾಲ ಬ್ರಾಹ್ಮಿ ಲಿಪಿಯಾಗ ಅಶೋಕನ ಹೆಸರೇ ಕೆತ್ತ್ಯಾರ. ಚಿಂಚೋಳಿ ಅಡವಿಯನ್ನ 2011ರಲ್ಲಿ ವನ್ಯಜೀವಿ ಧಾಮ ಅಂತ ಘೋಷಣೆ ಮಾಡ್ಯಾರ. ಮಳಿಗಾಲದಾಗ ಚಂದ್ರಂಪಳ್ಳಿ ಕೆರಿ, ಎತ್ತಿಪೋತ ನೀರು ನೋಡಿದವರು ಇದು ಕಲಬುರಗಿ ಜಿಲ್ಲಾ ಅಂದ್ರ ನಂಬಂಗಿಲ್ಲ.

ಇಷ್ಟೆಲ್ಲ ಅದ. ತೆಗಿಯೋರೂ ಅದಾರ. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಯಾಗ ಮದುವಿ, ಜವಳ, ನಾಮಕರಣ ಫೋಟೊ ತೆಗದು ಹೊಟ್ಟಿ ಹೊರಕೊಳ್ಳೋ ಹುಡುಗರದಾರ. ಮದುವಿ ಸೀಜನ್ ಮುಗಿದ ಮ್ಯಾಲ ಅದೇ ಕ್ಯಾಮೆರಾ ಹಿಡಕೊಂಡು ಹೊಲ, ಹಳ್ಳ, ಗುಡಿ ತಿರಗ್ತಾರ. ಹೊರಗಿಂದ ಬಂದ ದೊಡ್ಡ ಫೋಟೋಗ್ರಾಫರ್ ಒಂದು ದಿನ ಇದ್ದು ಹೋಗ್ತಾನ. ತೊಗರಿ ಯಾವ ವಾರ ಹೂ ಬಿಡ್ತದ, ಖಣಿ ಕೂಲಿಯವರು ಯಾವ ಹೊತ್ತಿಗೆ ಬುತ್ತಿ ಬಿಚ್ತಾರ ಅಂಬೂದು ಅವಗ ಹ್ಯಾಂಗ ತಿಳೀಬೇಕು? ಇಲ್ಲೇ ಹುಟ್ಟಿದವಗ ಅದು ಗೊತ್ತಿರ್ತದ. ಮೇಲಾಗಿ ಇವನ ಮುಂದ ಮಂದಿ ಗಾಬರಿಯಾಗಿ ನಿಂದ್ರಂಗಿಲ್ಲ, ತಮ್ಮ ಕೆಲಸ ತಾವು ಮಾಡ್ತಾರ.

"ಫೋಟೊದಿಂದ ಹೊಟ್ಟಿ ತುಂಬ್ತದೇನು?" ಅಂತ ಕೇಳೋರಿಗೆ ಒಂದು ಮಾತು. ನಮ್ಮ ಹೊಟ್ಟಿ ಈಗಾಗಲೇ ಫೋಟೊ ಮ್ಯಾಲ ನಿಂತದ. 2020ರಿಂದ ಬೆಳೆ ಸಮೀಕ್ಷೆ ಆ್ಯಪ್‌ದಾಗ ನಮ್ಮ ಹೊಲದ ಬೆಳಿ ಫೋಟೊ ನಾವೇ ತೆಗದು ಹಾಕೂದು ಬಂದದ. ಫಸಲ್ ಬಿಮಾದಾಗ ಹೊಲಕ್ಕ ನೀರು ನುಗ್ಗಿದ್ರ 72 ತಾಸಿನೊಳಗ ತಿಳಿಸಬೇಕು, ಅದಕ್ಕೂ ಫೋಟೊ ಆಧಾರ. ತೊಗರಿಗೆ ನೆಟೆ ರೋಗ ಬಡಿದ ವರ್ಷ ಒಣಗಿದ ಹೊಲದ ಫೋಟೊ ಊರೂರಿಂದ ಹೋದ ಮ್ಯಾಲೇ ದೂರದ ಮಂದಿಗೆ ನಮ್ಮ ಸಂಕಟ ಕಂಡದ್ದು. ನಷ್ಟ ತೋರ್ಸಾಕ ಫೋಟೊ ಬೇಕು ಅಂದ್ರ, ನಾವು ಬೆಳೆದದ್ದು, ಕಟ್ಟಿದ್ದು ತೋರ್ಸಾಕ ಯಾಕ ಬ್ಯಾಡ? ಗುಲ್ಬರ್ಗಾ ತೊಗರಿ ಬ್ಯಾಳಿಗೆ 2019ರಲ್ಲಿ ಜಿಐ ಮಾನ್ಯತೆ ಬಂತು. ಈ ನೆಲದ ಗುಣದಿಂದ ಈ ರುಚಿ ಅಂತ ಅದರ ಅರ್ಥ. ಆ ನೆಲದ ಒಂದು ಛಲೋ ಚಿತ್ರ, ಊರಿನ ಹೆಸರಿನ ಸಂಗಾಟ, ಚೀಲದ ಮ್ಯಾಲ ಇದ್ರ ಕೊಳ್ಳೋರಿಗೂ ತಿಳೀತದಲ್ರಿ.

ಇತಿಹಾಸದ ಮಾತೂ ಒಂದದ. 1948ರ ತನಕ ನಾವು ಹೈದರಾಬಾದ್ ಸಂಸ್ಥಾನದಾಗಿದ್ದೆವು. ಅಲ್ಲಿ ಆರನೇ ನಿಜಾಮರ ಆಸ್ಥಾನಕ್ಕ ರಾಜಾ ದೀನ್ ದಯಾಳ್ ಅಂಬೋ ಹೆಸರಾಂತ ಫೋಟೋಗ್ರಾಫರ್ ಇದ್ರು. ಅವರಿಂದ ಆ ಕಾಲದ ಅರಮನಿ, ದರ್ಬಾರು, ಶಿಕಾರಿ ಇವತ್ತಿಗೂ ಕಣ್ಣಿಗೆ ಕಾಣ್ತಾವ. ಅದೇ ಸಂಸ್ಥಾನಕ್ಕ ಕಂದಾಯ ಕಟ್ಟಿದ ನನ್ನ ಮುತ್ತ್ಯಾನ ಒಂದು ಫೋಟೊ ನಮ್ಮ ಮನ್ಯಾಗಿಲ್ಲ. ಅವನ ರಂಟೆ ಹ್ಯಾಂಗಿತ್ತು, ಕಣ ಎಲ್ಲಿತ್ತು, ಬಾಯಿ ಮಾತಿನ ಮ್ಯಾಲೇ ತಿಳೀಬೇಕು. ಯಾರದ್ದು ತೆಗದ್ರೋ ಅವರದ್ದು ಉಳೀತು.

ಈಗಲೂ ಹಂಗೇ ಆಗಾಕ ಹತ್ಯದ. ನೆಲ ಬದಲಾಗಾಕ ಹತ್ಯದ. ಹೊಲ ಇದ್ದಲ್ಲಿ ಖಣಿ ಬಿದ್ದಾವ, ಖಣಿಯಾಗ ನೀರು ನಿಂತದ. ಫರಸಿ ಹೊದಿಸಿದ ಹಳೀ ಮನಿ ಕೆಡವಿ ಸ್ಲ್ಯಾಬ್ ಹಾಕ್ತಾರ. ಎತ್ತಿನ ರಾಶಿ ಹೋಗಿ ಮಷೀನ್ ಬಂದದ. ಬರಬಾರದು ಅಂತ ನಾ ಅನ್ನಂಗಿಲ್ಲ, ನಾನೂ ಮಷೀನಿನಿಂದಲೇ ರಾಶಿ ಮಾಡ್ಸೂದು. ಆದ್ರ ಇದ್ದದ್ದು ಹ್ಯಾಂಗಿತ್ತು ಅಂತ ಮೊಮ್ಮಕ್ಕಳು ಕೇಳಿದ್ರ ತೋರ್ಸಾಕ ಏನರೆ ಇರಬೇಕಲ್ಲ. ಹಳೀ ಸ್ಟುಡಿಯೋದಾಗಿನ ನೆಗೆಟಿವ್ ಡಬ್ಬಿ ಅಂಗಡಿ ಖಾಲಿ ಮಾಡುವಾಗ ತಿಪ್ಪಿಗೆ ಹೋಗ್ತಾವ. ಈಗಿನವು ಒಂದು ಹಾರ್ಡ್ ಡಿಸ್ಕ್ ಕೆಟ್ರ ಹೋದ್ವು.

"ಎಲ್ಲರ ಕೈಯಾಗ ಮೊಬೈಲ್ ಅದ, ದಿನಾ ಸಾವಿರ ಫೋಟೊ ಬರ್ತಾವ" ಅಂತೀರಿ. ಬರ್ತಾವ, ಸಂಜಿಗೆ ಹೋಗ್ತಾವ. ವಾಟ್ಸಾಪಿನಾಗ ಹಂಗೇ ಕಳಿಸಿದ್ರ ಫೋಟೊ ಕುಗ್ಗತದ, ಯಾವ ದಿನ ಎಲ್ಲಿ ತೆಗದದ್ದು ಅಂಬೋ ವಿವರವೂ ಅಳೀತದ. ಡಾಕ್ಯುಮೆಂಟ್ ಅಂತ ಕಳಿಸಿದ್ರ ಇದ್ದಂಗ ಹೋಗ್ತದ. ರಾಶಿಯಾಗ ಕಾಳು, ಹೊಟ್ಟು ಕೂಡೇ ಇರ್ತಾವ, ತೂರಿದ ಮ್ಯಾಲೇ ಕಾಳು. ಹಂಗ ಸಾವಿರದಾಗ ಹತ್ತು ಆರಿಸಿ, ಕೆಳಗ ಊರು, ತಿಂಗಳು, ತೆಗದವರ ಹೆಸರು ಬರದು ತೂಗು ಹಾಕಿದ್ರ ಅದು ಪ್ರದರ್ಶನ.

ಅದಕ್ಕ ದೊಡ್ಡ ಹಾಲ್ ಬೇಕಿಲ್ರಿ. ಗ್ರಾಮ ಪಂಚಾಯಿತಿ ಅರಿವು ಕೇಂದ್ರದ ಗ್ವಾಡಿ ಅದ, ಬಸ್ ಸ್ಟ್ಯಾಂಡ್ ಅದ, ಸಾಲಿ ಅದ. ಜಾತ್ರಿಯಾಗ ಎರಡು ಕಂಬದ ನಡುವ ಹಗ್ಗ ಕಟ್ಟಿ ಚಿತ್ರ ತೂಗಿದ್ರ ತೇರು ಎಳಿಯಾಕ ಬಂದ ಮಂದಿಯೆಲ್ಲ ನೋಡ್ತಾರ. ಸ್ವಾಗತ ಬ್ಯಾನರಿಗೆ ಹಾಕೋ ರೊಕ್ಕದಾಗ ಒಂದಿಷ್ಟು ಇದಕ್ಕ ಹಾಕ್ರಿ.

ಇನ್ನ ಹೆಸರಿನ ವಿಷಯ. ಬ್ಯಾನರ್, ಕ್ಯಾಲೆಂಡರ್, ಸ್ಮರಣ ಸಂಚಿಕಿ ಎಲ್ಲದರಾಗ "ಚಿತ್ರಕೃಪೆ: ಅಂತರ್ಜಾಲ" ಅಂತ ಬರೀತಾರ. ಈ ಅಂತರ್ಜಾಲ ಯಾವ ಊರವ, ಯಾರ ಮಗ? ಬಿಸಲಾಗ ನಿಂತು ತೆಗದ ಹುಡುಗನ ಹೆಸರು ಬರಿಯಾಕ ಏನು ಖರ್ಚು? 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಫೋಟೊದ ಹಕ್ಕು ತೆಗದವಂದು, ಪ್ರಕಟವಾದ ಮ್ಯಾಲ 60 ವರ್ಷ. ರೊಕ್ಕ ಕೊಟ್ಟು ತೆಗಿಸಿದ್ರ, ಬ್ಯಾರೆ ಕರಾರು ಇರದಿದ್ರ, ತೆಗಿಸಿದವರದು. ಹಕ್ಕು ಮಾರಿದ ಮ್ಯಾಲೂ ಇದು ನಂದು ಅಂತ ಹೇಳಿಕೊಳ್ಳೋ ಹಕ್ಕು ತೆಗದವಗ ಇದ್ದೇ ಇರ್ತದ. ಕೇಳಿ ಹಾಕ್ರಿ, ಹೆಸರು ಹಾಕ್ರಿ, ಆದ್ರ ನಾಕು ರೂಪಾಯಿ ಕೊಡ್ರಿ.

ಫೋಟೊ ತೆಗಿಯೋ ತಮ್ಮಗಳಿಗೂ ಒಂದು ಮಾತು. ಬರೇ ಸೂರ್ಯ ಮುಳಗೂದು, ಬಣ್ಣ ಏರಿಸಿದ ಹೂವು ತೆಗದು ಕುಂಡ್ರಬ್ಯಾಡ್ರಿ. ಬೂದಿಧೂಳು ಕುಂತ ಎಲಿ ತೆಗೀರಿ, ಬ್ಯಾಸಿಗ್ಯಾಗ ಬತ್ತಿದ ಕಾಗಿಣಾ ತೆಗೀರಿ, ಫರಸಿ ಕಡಿಯೋರ ಕೈ ತೆಗೀರಿ. ಆದ್ರ ಕಳೆ ತೆಗಿಯೋ ಹೆಣ್ಮಗಳ ಮುಖ ತೆಗಿಯೋ ಮೊದಲ "ಯವ್ವಾ, ತೆಗೀಲಿ?" ಅಂತ ಕೇಳ್ರಿ. ಬ್ಯಾಡ ಅಂದ್ರ ಬಿಡ್ರಿ. ತೆಗದ್ರ ಒಂದು ಪ್ರಿಂಟ್ ಅಕಿಗೂ ಮುಟ್ಟಿಸ್ರಿ.

ಬರೋ ಎಳ್ಳಮಾಸಿಗೆ ನಿಮ್ಮ ನಿಮ್ಮ ಊರಾಗ ಹತ್ತು ಚಿತ್ರ, ಒಂದು ಹಗ್ಗ, ಅಷ್ಟು ಸಾಕು. ಯಾರ ಹತ್ರ ಏನದ, ಊರು ತಿಂಗಳು ಹಾಕಿ ಕೆಳಗ ತಿಳಸ್ರಿ.