ಬಾತುಕೋಳಿ ಕಂಡವರಿಗೆ ತಟ್ಟೆ ಕಾಣಲಿಲ್ಲ

ಮುಂಬಯಿಯ ಕ್ಯಾಂಟನೀಸ್ ಭೋಜನಶಾಲೆಯೊಂದರಲ್ಲಿ ನಾಲ್ವರು ಗೆಳತಿಯರೊಡನೆ ಊಟಕ್ಕೆ ಕುಳಿತ ಜೈನ ತರುಣಿಯೊಬ್ಬಳ ಛಾಯಾಚಿತ್ರ ಸಮಾಜದ ವಾಟ್ಸಾಪ್ ಬಳಗದಲ್ಲಿ ಹರಿದಾಡಿತು. ಮೇಜಿನ ಮೇಲೆ ಸುಟ್ಟ ಬಾತುಕೋಳಿಯಿದ್ದುದೇ ಆಕೆಯ ಅಪರಾಧ. ಆಕೆಯ ತಟ್ಟೆಯಲ್ಲಿ ಏನಿತ್ತೆಂದು ಕೇಳಿದವರಿಲ್ಲ.

ಕೇಳಬೇಕಿತ್ತು. ತಿರುಗುವ ಹಲಗೆಯ ಮೇಲಿಟ್ಟ ಪಾತ್ರೆಗಳಿಂದ ಎಲ್ಲರೂ ಹಂಚಿಕೊಂಡು ಉಣ್ಣುವುದು ಕ್ಯಾಂಟನೀಸ್ ಊಟದ ಕ್ರಮ. ಅಂಥಲ್ಲಿ ವ್ರತ ಉಳಿಸಿಕೊಳ್ಳುವುದು ಹುಡುಗಾಟವಲ್ಲ. ನೋಡಲು ನಿರುಪದ್ರವಿಯಾದ ಬೇಯಿಸಿದ ಸೊಪ್ಪಿನ ಮೇಲೂ ಸಿಂಪಿಯ ಸಾರದ ಆಯ್ಸ್ಟರ್ ಸಾಸ್ ಸುರಿದಿರುತ್ತಾರೆ. ಶಂಖ, ಸಿಂಪಿಗಳು ಜೈನಶಾಸ್ತ್ರದ ಎಣಿಕೆಯಲ್ಲಿ ದ್ವೀಂದ್ರಿಯ ಜೀವಿಗಳು. ಆಕೆ ಪರಿಚಾರಕನನ್ನು ಕರೆದು ಅದನ್ನು ವಿಚಾರಿಸಿದಳು, ಸೂಪಿನಲ್ಲಿ ಕೋಳಿಯ ರಸವಿದೆಯೇ ಎಂದು ವಿಚಾರಿಸಿದಳು, ಕೊನೆಗೆ ‘ಲೋ ಹಾನ್ ಜಾಯ್’ ಹೇಳಿದಳು. ಅದು ಬೌದ್ಧ ಭಿಕ್ಷುಗಳ ಪಾಕ. ಈರುಳ್ಳಿ, ಬೆಳ್ಳುಳ್ಳಿಗಳನ್ನು ವರ್ಜಿಸುವ ಸಂಪ್ರದಾಯ ಚೀನಾದ ಬೌದ್ಧ ಮಠಗಳಲ್ಲಿಯೂ ಉಂಟೆಂಬುದು ಇಲ್ಲಿನ ಶ್ರಾವಕರಲ್ಲಿ ಎಷ್ಟು ಮಂದಿಗೆ ಗೊತ್ತು? ಅಣಬೆಯನ್ನೂ ತಾವರೆಯ ಗೆಡ್ಡೆಯನ್ನೂ ಬಿಡಿಸಿದ ಮೇಲೆ ಉಳಿದದ್ದು ತೋಫು, ಎಲೆಕೋಸು, ಹೆಸರುಕಾಳಿನ ಶಾವಿಗೆ. ಗೆಳತಿಯರು ಬಾತುಕೋಳಿಯ ತಟ್ಟೆಯನ್ನು ತಾವಾಗಿಯೇ ಆಕೆಯಿಂದ ಆಚೆಗೆ ತಿರುಗಿಸಿದರು.

ಆಕ್ಷೇಪಿಸಬಹುದಾದದ್ದು ಒಂದಿತ್ತು: ಆ ವೇಳೆಗೆ ಸೂರ್ಯ ಮುಳುಗಿದ್ದ. ಅದನ್ನು ಮಾತ್ರ ಯಾರೂ ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಸಮಾಜದ ಆರತಕ್ಷತೆಗಳಲ್ಲಿ ರಾತ್ರಿ ಹನ್ನೊಂದಾದರೂ ‘ಜೈನ್ ಮಂಚೂರಿಯನ್’ ಮುಂದೆ ಸಾಲು ಕರಗುವುದಿಲ್ಲ.

ತನ್ನ ನಾಲಗೆಗೆ ಹಾಕದ ಕಡಿವಾಣವನ್ನು ಪರರ ತಟ್ಟೆಗೆ ಹಾಕುವ ಈ ಚಾಳಿ ವಾಟ್ಸಾಪಿನಲ್ಲಿ ಹುಟ್ಟಿದ್ದಲ್ಲ. 2015ರ ಪರ್ಯೂಷಣದಲ್ಲಿ ಮುಂಬಯಿಯಲ್ಲಿ ನಾಲ್ಕು ದಿನಗಳ ಮಾಂಸನಿಷೇಧ ಘೋಷಿಸಿದಾಗ ಹರ್ಷಿಸಿದವರು ಬಹಳ. ಬಾಂಬೆ ಹೈಕೋರ್ಟ್ ಸೆಪ್ಟೆಂಬರ್ 17ರ ಮಾರಾಟನಿಷೇಧಕ್ಕೆ ತಡೆಯಿತ್ತಿತು; ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲೊಪ್ಪಲಿಲ್ಲ. ಅಷ್ಟರಲ್ಲಿ ಪ್ರತಿಭಟನೆಗೆಂದೇ ಬೀದಿಯಲ್ಲಿ ಕೋಳಿಮಾಂಸ ಮಾರಿದ್ದಾಯಿತು. ಅಹಿಂಸೆಯ ಹೆಸರಿನಲ್ಲಿ ಹೊರಟದ್ದು ಹಠಕ್ಕೆ ಬಿದ್ದು ಕೋಳಿ ಕೊಲ್ಲುವಲ್ಲಿಗೆ ಬಂದು ನಿಂತಿತು. ಇದರಿಂದ ಯಾವ ಜೀವಕ್ಕೆ ಅಭಯ ದೊರೆಯಿತು?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುತ್ತದೆ. ಐದನೆಯದು ಅನ್ನಪಾನನಿರೋಧ. ಆ ಮಾತು ಆಶ್ರಿತ ಜೀವಿಗಳನ್ನು ಕುರಿತದ್ದೆಂದು ಪಂಡಿತರು ವಾದಿಸಿಯಾರು, ಒಪ್ಪತಕ್ಕದ್ದೇ. ಆದರೆ ಸರ್ಕಾರದ ಆಜ್ಞೆಯಿಂದ ಮುಚ್ಚಿದ ಮಾಂಸದಂಗಡಿಯ ದಿನಗೂಲಿಯವನ ಮನೆಯಲ್ಲಿ ಅಂದು ಒಲೆ ಹೊತ್ತದಿದ್ದರೆ ಆ ನಿರೋಧಕ್ಕೆ ಬೇರೆ ಹೆಸರಿಡಲು ಸಾಧ್ಯವೆ? ಅದೇ ಅಧ್ಯಾಯದಲ್ಲಿ ಮೈತ್ರಿ, ಪ್ರಮೋದ, ಕಾರುಣ್ಯಗಳ ಜೊತೆಗೆ ಮಾಧ್ಯಸ್ಥ್ಯವೂ ಇದೆ: ಉಪದೇಶ ಹಿಡಿಸದವರ ವಿಷಯದಲ್ಲಿ ದ್ವೇಷವಿಲ್ಲದೆ ತಟಸ್ಥವಾಗಿರುವುದು. ಬಾತುಕೋಳಿಯ ಎದುರು ಕುಳಿತು ಎಲೆಕೋಸು ಉಂಡವಳು ಆಚರಿಸಿದ್ದು ಇದನ್ನೇ. ಆಕೆಯ ಚಿತ್ರ ಹಂಚಿದವರಿಗೆ ಮೈತ್ರಿಯೂ ಒದಗಲಿಲ್ಲ.

ಸಮಾಜದ ಹಿರಿಯರು ಮೊದಲು ಆ ತರುಣಿಯ ಕ್ಷಮೆ ಬೇಡಲಿ. ಬಳಿಕ ಮುಂದಿನ ಮಹಾಸಭೆಯಲ್ಲಿ ಒಂದೇ ಒಂದು ನಿರ್ಣಯ ಮಂಡಿಸಲಿ: ಸಮಾಜದ ಸಭಾಭವನಗಳಲ್ಲಿ ಮದುವೆಯ ಊಟ ಸೂರ್ಯಾಸ್ತಕ್ಕೆ ಮುನ್ನ ಮುಗಿಯತಕ್ಕದ್ದು. ಅದಕ್ಕೆ ಎಷ್ಟು ಕೈಗಳು ಏಳುತ್ತವೆಯೋ ಎಣಿಸಿ ನೋಡೋಣವಾಗಲಿ.